ಮಾಂತ್ರಿಕನ ಕೋಟೆಗೆ ಹೋದ ಕೋಳಿಪಿಳ್ಳೆ

ಬಲು ಹಿಂದೆ, ಕಲ್ಲುಗಳೂ ಗೊಣಗುತ್ತಿದ್ದ ಕಾಲದಲ್ಲಿ, ಪುಕ್ಕಗಿರಿ ಅಂತ ಒಂದು ರಾಜ್ಯ. ಅಲ್ಲಿನ ಕೋಟೆ ಹಿಡಿದು ಕೂತಿದ್ದವನು ಧೂಮಕೇಶ ಅನ್ನೋ ಮಾಂತ್ರಿಕ. ಎದುರು ಮಾತಾಡಿದ ಅಂತ ಈರಭದ್ರನೆಂಬ ತರುಣನನ್ನು ಯುಗಾದಿಯ ದಿನ ಬೀಸುಕಲ್ಲು ಮಾಡಿಬಿಟ್ಟ. ಈರಭದ್ರನ ಹೆಂಡತಿ ಚೆನ್ನಾಜಿ ದಿನಾ ಕೋಟೆಯ ಅಂಗಳಕ್ಕೆ ಬಂದು ಗಂಡನ ಮೇಲೇ ರಾಗಿ ಬೀಸಬೇಕು. ಎಂಥ ಕರ್ಮ ನೋಡಿ! ದೀಪಾವಳಿ ಅಮಾವಾಸ್ಯೆ ಕಳೆದರೆ ಅವನು ಕೊನೆತನಕ ಕಲ್ಲೇ.

ಆ ಅಂಗಳದಲ್ಲಿ ಒಮ್ಮೆ ಹುಂಜದ ಕೂಗು ಕೇಳಿದರೆ ಸಾಕು, ಧೂಮಕೇಶನ ಮಾಟವೆಲ್ಲ ಮುರಿದು ಅವನಿಗೇ ತಿರುಗಿ ಬಡಿಯುತ್ತಿತ್ತು. ಅದಕ್ಕೇ ರಾಜ್ಯದಲ್ಲಿ ಒಂದು ಹುಂಜವನ್ನೂ ಉಳಿಸಿರಲಿಲ್ಲ. ಆದರೆ ಅವನಿಗೆ ಮೊಟ್ಟೆ ಅಂದರೆ ಪ್ರಾಣ. ಹಾಗಾಗಿ ಗಡಿಯಾಚೆಯಿಂದ ಪಿಳ್ಳೆ ತರಿಸಿ, ಹೇಂಟೆಯಾದರೆ ಮಾತ್ರ ಒಳಗೆ ಬಿಡುತ್ತಿದ್ದ.

"ಒಂದು ಹುಂಜದ ಪಿಳ್ಳೆ ಒಳಗೆ ಸೇರಿಸಿಬಿಡ್ತೀನಿ," ಅಂದಳು ಚೆನ್ನಾಜಿ.

"ನಿನಗೆ ಗುರುತು ಸಿಗುತ್ತೇನೇ?" ಅಂತು ಬೀಸುಕಲ್ಲು.

"ನೀವು ಸುಮ್ನಿರಿ."

ಮೊದಲ ಪಿಳ್ಳೆ ತಂದಳು. ಅಷ್ಟು ಎಳೆಯದಕ್ಕೆ ಆಗಲೇ ಜುಟ್ಟು ಕೆಂಪೇರಿತ್ತು. "ಹುಂಜ!" ಅಂದ ಮಾಂತ್ರಿಕ. ಪಿಳ್ಳೆ ಕುಂಬಳಕಾಯಿ ಆಯಿತು.

ಎರಡನೆಯದು ತಂದಳು. ಜುಟ್ಟು ಇನ್ನೂ ಹಳದಿ. ಮಾಂತ್ರಿಕ ತನ್ನ ಶಾಲನ್ನು ಹದ್ದಿನ ಹಾಗೆ ಮೇಲೆ ಹಾರಿಸಿದ. ಹೇಂಟೆಪಿಳ್ಳೆಗಳೆಲ್ಲ ನೆಲಕ್ಕೆ ಅವಚಿಕೊಂಡವು, ಇದೊಂದು ಎದೆಯುಬ್ಬಿಸಿ ನಿಂತಿತು. ಅದೂ ಕುಂಬಳಕಾಯಿ!

"ಇನ್ನೊಂದು ಸಲ ಹುಂಜ ತಂದರೆ ನಿನ್ನನ್ನ ಒರಳುಕಲ್ಲು ಮಾಡ್ತೀನಿ!"

"ಪಿಳ್ಳೆ ನೋಡಿ ಹೇಳೋಕೆ ನಾನೇನು ದೇವರೇ, ಸ್ವಾಮಿ?"

ಮೂರನೆಯದು ಕಾಳಗದ ತಳಿಯದು. ಆ ತಳಿಯಲ್ಲಿ ಹುಂಜಕ್ಕೂ ಜುಟ್ಟು ತಲೆಗೆ ಅಂಟಿಕೊಂಡೇ ಇರುತ್ತೆ, ಎದ್ದು ಕಾಣಲ್ಲ. ಕಾಲು ಮಾತ್ರ ದಪ್ಪ. "ಇಂಥ ಕಾಲು ಹುಂಜಕ್ಕಲ್ಲದೆ ಇನ್ಯಾರಿಗೆ?" ಅಂದುಕೊಂಡಳು. ಮಾಂತ್ರಿಕ ಜುಟ್ಟು ನೋಡಿದ. ಶಾಲು ಹಾರಿಸಿದ, ಪಿಳ್ಳೆ ಮುದುರಿ ಕೂತಿತು. ಕೊನೆಗೆ ದಾರಕ್ಕೆ ಉಂಗುರ ಕಟ್ಟಿ ಅದರ ತಲೆ ಮೇಲೆ ತೂಗಾಡಿಸಿದ. ನೆಟ್ಟಗೆ ತೂಗಿದರೆ ಹುಂಜ, ಗುಂಡಗೆ ಸುತ್ತಿದರೆ ಹೇಂಟೆ ಅಂತ ಅವನ ಲೆಕ್ಕ. ಉಂಗುರ ಗುಂಡಗೆ ಸುತ್ತಿತು.

"ಹೇಂಟೆ!" ಅಂತ ಒಳಗೆ ಬಿಟ್ಟ. ಚೆನ್ನಾಜಿಗೆ ಕುಣಿಯುವಷ್ಟು ಖುಷಿ.

ಮಳೆಗಾಲ ಕಳೆಯಿತು. ಕೋಳಿ ಬೆಳೆಯಿತು, ಕೂಗಲಿಲ್ಲ. ಅಮಾವಾಸ್ಯೆಯ ಬೆಳಗ್ಗೆ ಚೆನ್ನಾಜಿ ಅದನ್ನು ಮಡಿಲಲ್ಲಿ ಕೂರಿಸಿಕೊಂಡು, "ಕೂಗೋ ನನ್ನಪ್ಪಾ, ಒಂದೇ ಒಂದು ಸಲ," ಅಂತ ಬೇಡಿದಳು.

ಕೋಳಿ ಮಡಿಲಲ್ಲೇ ಮೊಟ್ಟೆ ಇಟ್ಟಿತು.

"ಲೇ, ಕಾಳಗದ ತಳಿಯಲ್ಲಿ ಹೇಂಟೆಗೂ ಕಾಲು ದಪ್ಪವೇ ಕಣೇ!" ಅಂತು ಬೀಸುಕಲ್ಲು.

"ಅಯ್ಯೋ, ಅದನ್ನ ಈಗ ಹೇಳ್ತೀರಾ?"

"ಸುಮ್ನಿರಿ ಅಂದಿದ್ದು ಯಾರು?"

ಚೆನ್ನಾಜಿ ಕಲ್ಲನ್ನು ತಬ್ಬಿಕೊಂಡು ಗೋಳೋ ಅಂತ ಅತ್ತಳು. ಇದನ್ನೆಲ್ಲ ಮರೆಯಲ್ಲಿ ಕೇಳಿದ ಧೂಮಕೇಶ ಹೊಟ್ಟೆ ಹಿಡಿದುಕೊಂಡು ನಗುತ್ತಾ ಅಂಗಳಕ್ಕೆ ಬಂದ.

"ಹುಂಜ ಅಂತ ಸಾಕಿದೆಯಾ? ಹೆಂಗೆ ಕೂಗಬೇಕಿತ್ತೇ ಅದು, ಹೀಗಾ?" ಅಂತ ತೋಳು ಬಡಿದು, ಕತ್ತು ಚಾಚಿ, "ಕೊಕ್ಕೊಕ್ಕೋ!" ಅಂದ.

ಅಷ್ಟು ಚೆನ್ನಾಗಿ ಕೂಗಿದ್ದ, ಪಾಪಿ! ಕೂಗಿದ್ದು ಯಾರು ಅಂತ ಮಾಟ ಕೇಳಲಿಲ್ಲ. ಕಲ್ಲು ಮೈಮುರಿದು ಎದ್ದು ಈರಭದ್ರನಾಯಿತು, ಮೈಯೆಲ್ಲ ರಾಗಿಹಿಟ್ಟು. ಧೂಮಕೇಶ ಕುಗ್ಗಿ ಕುಗ್ಗಿ ಒಂದು ಕೋಳಿಪಿಳ್ಳೆಯಾದ.

ಅವತ್ತಿನಿಂದ ಪುಕ್ಕಗಿರಿಯ ಜನ ಹೊಟ್ಟೆತುಂಬ ಉಂಡು, ಹುಂಜ ಕೂಗಿದಾಗ ಎದ್ದು, ಸುಖವಾಗಿ ಬಾಳಿದರು. ಮಾಂತ್ರಿಕನನ್ನು ಬುಟ್ಟಿಯಲ್ಲಿಟ್ಟುಕೊಂಡು, "ಇದು ಹುಂಜವೋ ಹೇಂಟೆಯೋ, ನೋಡಿ ಹೇಳು ತಾಯಿ," ಅಂತ ಚೆನ್ನಾಜಿಯ ಬಾಗಿಲಿಗೆ ಬಂದರು.

"ನನ್ನನ್ನ ಮಾತ್ರ ಕೇಳಬೇಡಿ," ಅಂತ ಅವಳು ಕದ ಹಾಕಿಕೊಂಡಳು.