ಮೊಹರಿನೊಳಗಿನ ಎಣ್ಣೆ

ಆಳಂದದ ಸಹಾಯ ಕೇಂದ್ರದಲ್ಲಿ ಆ ಬೆಳಿಗ್ಗೆ ಪರೀಕ್ಷಕರು ಕೊನೆಯ ಮಾದರಿ ಚೀಲದ ಮೊಹರು ಒಡೆದು, ಒಂದು ಹಿಡಿ ತೊಗರಿಬೇಳೆ ತಿಕ್ಕಿ, ಹೊಳೆಯುವ ಬೆರಳುಗಳನ್ನು ಸಂಜುಕುಮಾರನ ಮೂಗಿನ ಮುಂದೆ ಹಿಡಿದರು. ಔಡಲೆಣ್ಣೆ, ಅಂದರೆ ಹರಳೆಣ್ಣೆ. ಸಂಜುಕುಮಾರನಿಗೆ ತಲೆ ತಲೆ ಚಚ್ಚಿಕೊಳ್ಳುವಂತಾಯಿತು.

ಆಫ್ರಿಕಾದ ಶಾಲೆಗಳಿಗೆ ಬೇಳೆ ಒದಗಿಸುವ ಅಂತರರಾಷ್ಟ್ರೀಯ ಯೋಜನೆಯೊಂದರ ಗುತ್ತಿಗೆಯನ್ನು ಇಲ್ಲಿನ ಮಿಲ್ಲುಗಳಿಗೆ ಕೊಡಿಸಲೆಂದೇ ಸರ್ಕಾರ ಅವನನ್ನು ಆ ಕೇಂದ್ರದ ಕುರ್ಚಿಯಲ್ಲಿ ಕೂಡಿಸಿತ್ತು. ಒಬ್ಬರಿಂದ ಆಗುವ ಕೆಲಸವಲ್ಲವೆಂದು ನಿಂಬರ್ಗಾದ ಶಮಶಾದ, ಅತನೂರಿನ ಏಜಾಜ, ಕೊಳಕೂರಿನ ಅಮೋಘಸಿದ್ದ ಈ ಮೂವರು ಮಿಲ್ಲಿನವರನ್ನು ಒಂದೇ ಅರ್ಜಿಯಲ್ಲಿ ಸೇರಿಸಿದ್ದ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗಿತ್ತು ಆ ಕೆಲಸ. ಬೇಳೆಗೆ ಏನನ್ನೂ ಹಚ್ಚಬಾರದೆಂದು ಬಾಯಿ ನೋಯುವಷ್ಟು ಹೇಳಿದ್ದ. ಒಬ್ಬರ ಮಾದರಿ ಪರೀಕ್ಷೆಯಲ್ಲಿ ಬಿದ್ದರೂ ಮೂವರೂ ಹೊರಗೆ. ಎಣ್ಣೆ ಹತ್ತಿದ್ದು ಶಮಶಾದಳ ಚೀಲಕ್ಕೆ. ಈ ಗುತ್ತಿಗೆ ನಂಬಿ ಮುಚ್ಚಿದ ಮಿಲ್ಲನ್ನು ತೆರೆದವಳು ಅವಳು. ಇದು ತಪ್ಪಿದರೆ ಮತ್ತೆ ಬೀಗ. ಪರೀಕ್ಷಕರೋ ಸಂಜೆಗೆ ಹೈದರಾಬಾದಿಗೆ ಹೊರಡುವವರು.

ಸಂಜುಕುಮಾರ ಎದುರು ಮನೆಯ ನಿಶಾತ ಮೇಡಮ್ಮರನ್ನು ಕರೆತಂದ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಅವರ ಬಾಗಿಲನ್ನು ಊರಿನವರು ಕೋಳಿ ಕಳೆದರೂ ತಟ್ಟುತ್ತಿದ್ದರು. ಅಂಥ ಎಷ್ಟೋ ಪತ್ತೆಗಳಿಗೆ ಅವರ ಹಿಂದೆ ಅಲೆದಿದ್ದ ಸಂಜುಕುಮಾರನಿಗೂ ಅವರ ನಿಧಾನ ಮಾತ್ರ ಸಹಿಸಲಾಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಂಥ ಈ ಹೊತ್ತಿನಲ್ಲೂ ಅವರು ಚಹಾ ತರಿಸಿ ಎಂದರು.

ಎಲ್ಲರ ಕಣ್ಣು ಅಮೋಘಸಿದ್ದನ ಮೇಲಿತ್ತು. ಅರ್ಜಿಯಲ್ಲಿ ತನ್ನ ಮಿಲ್ಲಿನ ಹೆಸರೇ ಮೊದಲಿರಬೇಕೆಂದು ಶಮಶಾದಳ ಜೊತೆ ಜಗಳಾಡಿದ್ದವನು, ನಿನ್ನೆ ಕೇಂದ್ರದಲ್ಲಿ ಚೀಲಗಳಿದ್ದ ಅಲಮಾರದ ಪಕ್ಕದಲ್ಲೇ ಬಹಳ ಹೊತ್ತು ಕೂತಿದ್ದ.

"ನಾ ಜಗಳಗಂಟ ಖರೆ, ಕೆಡಕ ಅಲ್ಲ," ಎಂದಷ್ಟೇ ಹೇಳಿ ಅವನು ಮುಖ ತಿರುಗಿಸಿದ.

ಏಜಾಜ ಪರೀಕ್ಷಕರನ್ನು ಒಲಿಸಲು ನೋಡಿದ. ಈ ಬೇಳೆ ಸಮುದ್ರ ದಾಟಿದರೂ ಹುಳ ಹತ್ತುವುದಿಲ್ಲ ಎಂದು ತನ್ನ ಅಮ್ಮಿಯೇ ಹೇಳಿದ್ದಾಳೆಂದ. ಈ ಹೊತ್ತಿನಲ್ಲಿ ಇವನ ಅಮ್ಮಿಯ ಮಾತು ಯಾರಿಗೆ ಬೇಕಿತ್ತು ಎಂದು ಸಂಜುಕುಮಾರ ಹಲ್ಲು ಕಡಿದ.

ಮೇಡಮ್ಮರು ಚೀಲವನ್ನು ಒಳಹೊರಗು ಮಾಡಿ ನೋಡಿದರು. ಅದನ್ನು ಮಾದರಿಗಳಿಗೆ ಮೊಹರು ಹಾಕಿದ ಅಫಜಲಪುರದ ಶಿಬಿರಕ್ಕೆ ಒಯ್ದವರು ಯಾರೆಂದು ಕೇಳಿದರು. ತನ್ನ ಮಿಲ್ಲಿನ ಯಂತ್ರ ಕೆಟ್ಟಿದ್ದರಿಂದ ಏಜಾಜನ ಕೈಯಲ್ಲಿ ಕಳಿಸಿದ್ದಾಗಿ ಶಮಶಾದ ಹೇಳಿದಳು. ಮೊಹರು ಹಾಕುವ ಸಾಹೇಬರು ಬಾರದೆ ಶಿಬಿರ ಕೆಲವು ದಿನ ಮುಂದಕ್ಕೆ ಹೋಗಿತ್ತು. ಅಲ್ಲಿಯವರೆಗೆ ಚೀಲ ಏಜಾಜನ ಮನೆಯಲ್ಲೇ ಇತ್ತು. ಅವನ ಸ್ವಂತ ಚೀಲ ಮಾತ್ರ ಮಿಲ್ಲಿನಿಂದ ನೇರ ಶಿಬಿರಕ್ಕೆ ಬಂದಿತ್ತು.

"ಏಜಾಜ, ನಿಮ್ಮ ಅಮ್ಮಿನ್ನ ಕರ್ಕೊಂಡು ಬಾ," ಎಂದರು ಮೇಡಮ್ಮರು.

ಮಧ್ಯಾಹ್ನ ಎಲ್ಲರೂ ಸೇರಿದಾಗ ಮೇಡಮ್ಮರು ಬಿಡಿಸಿ ಹೇಳಿದರು. "ಮೊಹರು ಒಡದಿಲ್ಲ. ಅಲಮಾರದಾಗ ಯಾರರೆ ಎಣ್ಣಿ ಸುರುವಿದ್ರ ಚೀಲದ ಬಟ್ಟಿಗೆ ಕಲಿ ಬೀಳ್ತಿತ್ತು, ಒಂದ ಕಡೆ ಹಸಿ ಇರ್ತಿತ್ತು. ಇಲ್ಲಿ ಪ್ರತಿ ಕಾಳೂ ಒಂದ ಸಮ ಹೊಳಿಯಾಕತ್ತದ. ಅಂದ್ರ ಹರವಿ, ಕೈಲೆ ತಿಕ್ಕಿ, ಬಿಸಲಾಗ ಒಣಗಿಸ್ಯಾರ. ಅದು ಮೊಹರಿಗಿಂತ ಮೊದಲಿನ ಕೆಲಸ. ಅಮೋಘಸಿದ್ದನ ಕೈಗೆ ಚೀಲ ಆಗ ಸಿಕ್ಕೇ ಇಲ್ಲ. ಇನ್ನ, ಕೆಡಸವ್ರು ಇಷ್ಟು ಜ್ವಾಕಿಲೆ ಕೆಡಸಂಗಿಲ್ರಿ. ಇದು ಬೇಳಿ ಉಳಸವರ ಕೈ."

ಏಜಾಜನ ತಾಯಿ ಸಾಯಿರಾ ಗಾಬರಿಯಿಂದ ಎದ್ದು ನಿಂತರು.

"ನಾನ ಹಚ್ಚೇನ್ರಿ. ಬೇಳಿ ಪರದೇಶಕ್ಕ ಹೋಗ್ತದಂದ್ರು. ಮಗಳ ಗಂಡನ ಮನಿಗೆ ಕಳಸೋ ಬೇಳಿಗೇ ನಾವು ಎಣ್ಣಿ ಹಚ್ಚದ ಕಳಸಂಗಿಲ್ಲ. ಈ ಹುಡುಗಿಗಿ ತಾಯಿ ಇಲ್ಲಂತ, ಯಾರು ಹಚ್ಚತಾರ ಪಾಪ ಅಂತ ಕುಂತು ಹಚ್ಚಿದೆ."

ತಿಂಗಳುಗಟ್ಟಲೆ ತರಬೇತಿ ಕೊಟ್ಟಿದ್ದ ಸಂಜುಕುಮಾರ ಕುರ್ಚಿಯಲ್ಲಿ ಕುಸಿದ. ಯಾವ ತರಬೇತಿಗೂ ಯಾರ ಅಮ್ಮಿಯನ್ನೂ ಅವನು ಕರೆದಿರಲಿಲ್ಲ.

ತಪ್ಪು ಮಾದರಿಯದು, ಉಗ್ರಾಣದ್ದಲ್ಲ ಎಂದು ಮೇಡಮ್ಮರು ವಾದಿಸಿದರು. ಪರೀಕ್ಷಕರು ಗೊಣಗುತ್ತಲೇ ನಿಂಬರ್ಗಾಕ್ಕೆ ಬಂದು ಶಮಶಾದಳ ಮಿಲ್ಲಿನ ರಾಶಿಯಿಂದ ತಾವೇ ಬೇಳೆ ತೆಗೆದು ತಿಕ್ಕಿದರು. ಬೆರಳು ಒಣಗಿಯೇ ಇತ್ತು. ಅಲ್ಲೇ ಹೊಸ ಮೊಹರು ಬಿತ್ತು, ಮೂವರೂ ಉಳಿದುಕೊಂಡರು.

ಹಳೆಯ ಚೀಲ ಅವರು ಬಂದ ಜೀಪಿನಲ್ಲೇ ಇತ್ತು. ಬೆಳಗಿನಿಂದ ಕುದಿಯುತ್ತಿದ್ದ ಸಂಜುಕುಮಾರ ಅದನ್ನು ಬೀದಿಗೆ ಸುರಿಯಲು ಎತ್ತಿಕೊಂಡ. ಶಮಶಾದ ಬಂದು ಅವನ ಕೈಯಿಂದ ಇಸಿದುಕೊಂಡಳು.

"ಇದು ನನಗಿರಲಿ ಸರ್. ನನ್ನ ಮದುವ್ಯಾಗ ಯಾರೂ ಹಿಂಗ ಬೇಳಿ ಕಟ್ಟಿ ಕಳಿಸಿರ್ಲಿಲ್ಲ."