ಮುತ್ತಿನ ರಾಣಿಯ ಬೆನ್ನ ಮೇಲಿನ ಬರಹ

2025ರ ಫೆಬ್ರವರಿ 13, ಗುರುವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಸೋಲಾಪುರದ ಠಾಣೆಯೊಂದರ ಮೇಜಿನ ಮೇಲೆ ಒಂದು ದೂರು ಬಂದು ಬಿತ್ತು. ಮೂರು ಪುಟ, ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ತಂದವನು ಖಾಸಗಿ ಕಲಾ ಸಂಗ್ರಹಾಲಯದ ನಿರ್ದೇಶಕ ಪರಾಗ. ಇನ್ಸ್‌ಪೆಕ್ಟರ್ ಗುರುಸಿದ್ಧ ಎರಡು ಪುಟ ಓದಿದ. ಬಣ್ಣಗಳ ಸಂಯಮ, ನೋಟದ ಗಾಂಭೀರ್ಯ, ಪರಂಪರೆ, ಅಸ್ಮಿತೆ ಎಲ್ಲ ಇದ್ದವು.

"ಇದರಾಗ ಕಳವು ಎಲ್ಲಿ ಐತ್ರಿ?"

"ಕಡೀ ಪಾನಿನ್ಯಾಗ."

ಕಡೆಯ ಪುಟದ ಕೊನೆಯ ಸಾಲಿನಲ್ಲಿ ಇತ್ತು: 'ಮುತ್ತಿನ ರಾಣಿ' ಎಂಬ ಹಳೆಯ ತೈಲಚಿತ್ರ ಕಾಣೆಯಾಗಿದೆ. ಹತ್ತು ಇಂಚು ಅಗಲ, ಹದಿನಾಲ್ಕು ಎತ್ತರ. ಯಾವಾಗ ಕಾಣೆಯಾಯಿತು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

"ಕಳ್ಳ ಸಿಕ್ಕಾನ್ರಿ," ಎಂದ ಪರಾಗ. "ನಮ್ಮ ವಾಚ್‌ಮನ್ ಕಾಮಣ್ಣ. ನೀವು ನಾಕು ಬಿಟ್ರ ಒಪ್ಕೋತಾನ."

ಗುರುಸಿದ್ಧನಿಗೆ ಈ ಥರದ ಜನ ಗೊತ್ತಿದ್ದರು. ತಾವು ಯಾರಿಗೂ ಕೈ ಎತ್ತುವುದಿಲ್ಲ. ಅದಕ್ಕೆ ಪೊಲೀಸರನ್ನು ಕರೆಯುತ್ತಾರೆ. ಅವನು ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ನಂದಾಳನ್ನು ಕರೆದುಕೊಂಡು ಹೊರಟ.

ಹನ್ನೊಂದೂವರೆಗೆ ಸಂಗ್ರಹಾಲಯ ಮುಟ್ಟಿದಾಗ ಕಾಮಣ್ಣ ಸಾಮಾನಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ತಡವಳ ಹಳ್ಳಿಯವನು, ಒಂಬತ್ತು ವರ್ಷದ ಚಾಕರಿ. ಬೆಳಿಗ್ಗೆ ಎಂಟರಿಂದ ಅವನನ್ನು ಅಲ್ಲೇ ಕೂರಿಸಿದ್ದರು. ನೀರು ಕೂಡ ಕೊಟ್ಟಿರಲಿಲ್ಲ.

"ಮೊಬೈಲ್ ಎಲ್ಲಿ ಐತಿ?"

"ಸಾಹೇಬ್ರು ಕಸಗೊಂಡಾರ್ರಿ."

"ಅವಂದು ಅವಂಗ ಕೊಡ್ರಿ," ಎಂದ ಗುರುಸಿದ್ಧ. "ಇಲ್ಲಂದ್ರ ಎರಡನೇ ಎಫ್‌ಐಆರ್ ನಿಮ್ಮ ಮ್ಯಾಲೆ ಬರೀತೀನಿ."

ಪರಾಗ ಕೊಟ್ಟ.

ಸ್ಥಳ ಪಂಚನಾಮೆ ಹನ್ನೆರಡಕ್ಕೆ ಶುರುವಾಯಿತು. ಗೋಡೆಯ ಮೇಲೆ ಚಿತ್ರ ಇದ್ದ ಜಾಗ ಬಿಳಿಚಿಕೊಂಡಿತ್ತು. ಕಟ್ಟಡದಲ್ಲಿ ಐದು ಕ್ಯಾಮೆರಾ ಇದ್ದರೂ ನಡೆಯುತ್ತಿದ್ದದ್ದು ಎರಡೇ. ಒಂದು ಗೇಟಿನದು, ಇನ್ನೊಂದು ಕಾಫಿ ಅಂಗಡಿಯ ಗಲ್ಲಾಪೆಟ್ಟಿಗೆಯದು. ಇಡೀ ಪರಂಪರೆಗಿಂತ ಇವರಿಗೆ ಕಾಫಿಯ ಚಿಲ್ಲರೆ ಮೇಲೆ ಹೆಚ್ಚು ನಿಗಾ ಎಂದು ಗುರುಸಿದ್ಧ ಮನಸ್ಸಿನಲ್ಲೇ ಬರೆದುಕೊಂಡ.

ಹನ್ನೆರಡೂವರೆಗೆ ನಂದಾ ಹೆಂಗಸರ ಶೌಚಾಲಯದಿಂದ ಕೂಗಿದಳು. ಕಪಾಟಿನ ಹಿಂದೆ ಖಾಲಿ ಚೌಕಟ್ಟು ಸಿಕ್ಕಿತ್ತು. ಮೊಳೆಗಳನ್ನು ಒಂದೊಂದಾಗಿ, ಮರಕ್ಕೆ ಗಾಯವಾಗದಂತೆ ಬಾಗಿಸಿ ತೆಗೆದಿದ್ದರು.

"ಚಿತ್ರ ಕಡೀಕ ಯಾವಾಗ ನೋಡಿದ್ರಿ? ನಿನ್ನೆ ಸಂಜಿಗೆ ಏನಿತ್ತು ಇಲ್ಲಿ?"

ಉತ್ತರ ಕೊಟ್ಟವಳು ಭಕ್ತಿ. ಸಂದರ್ಶಕರಿಗೂ ಸ್ವಯಂಸೇವಕರಿಗೂ ಉಪನ್ಯಾಸ ಏರ್ಪಡಿಸುವುದು ಆಕೆಯ ಕೆಲಸ. ಬುಧವಾರ ಮೂರೂವರೆಗೆ ಗ್ಯಾಲರಿಯಲ್ಲಿ ಸಂದರ್ಶಕರು ಯಾರೂ ಇರಲಿಲ್ಲ, ಚಿತ್ರ ಇತ್ತು. ನಾಲ್ಕರಿಂದ ಐದೂ ಇಪ್ಪತ್ತರವರೆಗೆ ಸ್ವಯಂಸೇವಕರ ಚಹಾ ಸಭೆ, ಹನ್ನೊಂದು ಜನ. ಬೆಳಿಗ್ಗೆ ಬಾಗಿಲು ತೆರೆದಾಗ ಚಿತ್ರ ಇಲ್ಲ.

"ಅವರ ಚೀಲ ತಪಾಸ ಮಾಡಿದ್ರೇನು?"

"ಛೇ! ಎಲ್ಲ ಒಳ್ಳೇ ಮನೆತನದವರು."

ಗುರುಸಿದ್ಧ ಗೇಟಿನ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿಸಿದ. ಮೂರೂವರೆಯಿಂದ ಬೀಗ ಬೀಳುವವರೆಗೆ ಕಾಮಣ್ಣ ಗೇಟು ಬಿಟ್ಟು ಒಳಗೆ ಕಾಲಿಟ್ಟಿರಲಿಲ್ಲ. ಕೀಲಿ ಪರಾಗನ ಬಳಿಯೇ ಇತ್ತು. ಇಷ್ಟನ್ನು ನೋಡಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಪರಾಗನಿಗೆ ಸಿಕ್ಕಿರಲಿಲ್ಲ. ಒಬ್ಬನನ್ನು ಸ್ಟೂಲಿನ ಮೇಲೆ ಕೂರಿಸಲು ಸಿಕ್ಕಿತ್ತು.

"ಸಭಾದಾಗ ಏನ್ ಮಾತು ಬಂತು?"

"ಈ ರವಿವಾರದ ಕಾರ್ಯಕ್ರಮದ್ದು. ಮುತ್ತಿನ ರಾಣಿಯನ್ನು ಎಲ್ಲರ ಮುಂದೆ ಇಳಿಸಿ, ಬೆನ್ನು ತೋರಿಸಬೇಕಂತಿದ್ವಿ. ಹಿಂದೆ ಒಂದು ಸಾಲು ಬರಹ ಇದೆ. ನಾವೆಲ್ಲ ಮರಾಠಿ, ಇಂಗ್ಲಿಷ್ ಕಲಿತವರು; ಯಾವುದೋ ಹಳೇ ಲಿಪಿ, ಯಾರಿಗೂ ಓದಾಕ ಬರಂಗಿಲ್ಲ. ಪುಣೆಯಿಂದ ಲಿಪಿ ತಜ್ಞರು ಬರ್ತಾರೆ."

ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಗುರುಸಿದ್ಧ ಸಲಗರ ಬುದ್ರುಕದ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವನು, ಮುಂದಿನದೆಲ್ಲ ಮರಾಠಿಯಲ್ಲಿ. ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ:

"ಗುರುಲಿಂಗಮ್ಮ. ಅರಮನಿಗೆ ನೀರು ತರುವಾಕಿ. ಹನ್ನೂರ."

ಅವನು ಫೋನನ್ನು ಭಕ್ತಿಯ ಕಡೆಗೆ ತಿರುಗಿಸಿದ.

"ಇದು ಕನ್ನಡ ಐತ್ರಿ. ಹೊರಗ ಭಾಜಿ ಮಾರಾಕಿ ಸೈತ ಓದ್ತಾಳ. ಇದಕ್ಕ ಪುಣೆಯಿಂದ ಮನಷ್ಯಾನ್ನ ಕರಸಾಕತ್ತೀರಿ?"

ಭಕ್ತಿ ಫೋಟೊವನ್ನೇ ನೋಡುತ್ತ ನಿಂತಳು. ಚಿತ್ರ ಬರೆದವನು ನೀರು ಹೊರುವ ಹೆಣ್ಣೊಬ್ಬಳಿಗೆ ಮುತ್ತಿನ ಸರ ಹಾಕಿ ಕೂರಿಸಿದ್ದ, ಅಷ್ಟೇ. ರಾಣಿ ಆಮೇಲೆ ಹುಟ್ಟಿದವಳು.

"ರಾಣಿ ಅಂತ ಹೇಳಿದಾವ್ರು ಯಾರು?"

"ನಮ್ಮ ಸ್ವಯಂಸೇವಕಿ, ದ್ವಾರಕಾ ಕಾಕೂ," ಎಂದಳು ಭಕ್ತಿ. "ಆರು ವರ್ಷದಿಂದ ಪ್ರತಿ ರವಿವಾರ ಆ ಚಿತ್ರದ ಮುಂದೆ ಅವರದೇ ಭಾಷಣ. ರಾಣಿಯ ಮದುವೆ, ವಿರಹ, ವ್ರತ ಎಲ್ಲ. ಶುದ್ಧ ಮಸಾಲಾ. ನಿನ್ನೆ ನಾನೇ ಅಂದೆ, ಕಾಕೂ, ರವಿವಾರ ಮೊದಲ ಸಾಲಿನಾಗ ಕೂಡ್ರಿ, ಖರೇ ಇತಿಹಾಸ ಅಂದ್ರೆ ಏನು ತಿಳೀತದ ಅಂತ. ಎಲ್ಲರೂ ನಕ್ಕರು."

"ಆಕಿ?"

"ಅವರೂ ನಕ್ಕರು. ತಲೆನೋವು ಅಂತ ಬೇಗ ಎದ್ದು ಹೋದ್ರು."

ಸ್ವಯಂಸೇವಕರ ಡ್ರಾವರಿನಲ್ಲಿ ದ್ವಾರಕಾಳ ಭಾಷಣದ ವಹಿ ಪುಸ್ತಕ ಸಿಕ್ಕಿತು. ಮೊದಲಿಂದ ಕೊನೆಯವರೆಗೆ ದುಂಡನೆಯ ಕನ್ನಡ. ಬೆನ್ನ ಮೇಲಿನ ಸಾಲು ಓದಬಲ್ಲವಳು ಆ ಕಟ್ಟಡದಲ್ಲಿ ಒಬ್ಬಳೇ ಇದ್ದಳು. ಆಕೆಗೆ ಏನು ಬರುತ್ತದೆಂದು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಗುರುಸಿದ್ಧ ಮತ್ತೆ ಗೇಟಿನ ಕ್ಯಾಮೆರಾ ನೋಡಿದ. ನಾಲ್ಕು ಮೂವತ್ತೈದು: ದ್ವಾರಕಾ ಜೋಳಿಗೆ ಹಿಡಿದು ಹೊರಗೆ ಬರುತ್ತಾಳೆ. ಕಾಮಣ್ಣ ಎದ್ದು, ಜೋಳಿಗೆ ತಾನು ಇಸಿದುಕೊಂಡು, ಗೇಟಿನ ಎದುರಿಗಿದ್ದ ರಿಕ್ಷಾದಲ್ಲಿಟ್ಟು ನಮಸ್ಕಾರ ಮಾಡುತ್ತಾನೆ.

"ಅಜ್ಜಿ ಅವರ್ರಿ," ಎಂದ ಕಾಮಣ್ಣ. "ಭಾರ ಹೊರಬಾರದಂತ..."

ನಂದಾ ಭಕ್ತಿಯ ಫೋನಿನಲ್ಲಿ ಸಂಗ್ರಹಾಲಯದ ವಾಟ್ಸ್‌ಆ್ಯಪ್ ಗುಂಪು ತೆಗೆದು ತೋರಿಸಿದಳು. ಬೆಳಿಗ್ಗೆ ಒಂಬತ್ತಕ್ಕೆ ಪರಾಗ ಬರೆದಿದ್ದ: ಕಳ್ಳ ಸಿಕ್ಕ, ವಾಚ್‌ಮನ್. ಒಂಬತ್ತು ಹನ್ನೆರಡಕ್ಕೆ ದ್ವಾರಕಾ ಜೋಡಿಸಿದ ಕೈಗಳ ಚಿತ್ರ ಕಳಿಸಿದ್ದಳು. ಅಲ್ಲಿಯವರೆಗೆ ಗುರುಸಿದ್ಧನಿಗೆ ಆ ಮುದುಕಿಯ ಮೇಲೆ ಚೂರು ಕನಿಕರ ಇತ್ತು. ಆ ಕೈಗಳನ್ನು ನೋಡಿದ ಮೇಲೆ ಉಳಿಯಲಿಲ್ಲ.

ಮಧ್ಯಾಹ್ನ ಮೂರೂಕಾಲಿಗೆ ಜೀಪು ಅಕ್ಕಲಕೋಟೆಯ ಓಣಿಯೊಂದರಲ್ಲಿ ನಿಂತಿತು. ದ್ವಾರಕಾಗೆ ಅರವತ್ನಾಲ್ಕು ವಯಸ್ಸು. ಕಚೇರಿ ಕಾರಕೂನನ ವಿಧವೆ. ಇಸ್ತ್ರಿ ಸೀರೆ ಉಟ್ಟಿದ್ದಳು.

"ಬರ್ರಿ, ಚಹಾ ಮಾಡ್ತೀನಿ."

"ಬ್ಯಾಡ್ರಿ. ಚಿತ್ರ ಎಲ್ಲಿ ಇಟ್ಟೀರಿ?"

ಆಕೆ ಸುಳ್ಳು ಹೇಳಲಿಲ್ಲ. ಒಳಗೆ ಹೋಗಿ ಕಪಾಟು ತೆಗೆದಳು. ರೇಷ್ಮೆ ಸೀರೆಗಳ ನಡುವೆ ಚಿತ್ರ ಇತ್ತು. ನೆರೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಜಪ್ತಿ ಪಂಚನಾಮೆ ಬರೆದರು. ಚಿತ್ರ ತಿರುವಿದಾಗ 'ಅರಮನಿಗೆ ನೀರು ತರುವಾಕಿ' ಎಂಬ ಮಾತು ಇರಲಿಲ್ಲ. ಬ್ಲೇಡಿನಿಂದ ಕೆರೆದ ಬಿಳಿ ಗುರುತು ಇತ್ತು. ಗುರುಲಿಂಗಮ್ಮ ಎಂಬ ಹೆಸರು, ಹನ್ನೂರ ಎಂಬ ಊರು, ಎರಡೂ ಉಳಿದಿದ್ದವು.

"ಇದನ್ನ ಮೊದಲ ಓದಿದ್ದು ಯಾವಾಗ?"

"ನಾಕು ವರ್ಷ ಆತ್ರಿ. ಧೂಳ ಒರಸಾಕ ಇಳಿಸಿದ್ರು."

"ಹೇಳಲಿಲ್ಲ ಯಾಕ?"

"ನೀರು ತರಾಕಿ ಅಂದ್ರ ಯಾರು ನಿಂದರ್ತಾರ್ರಿ?" ಎಂದಳು ದ್ವಾರಕಾ. ದನಿಯಲ್ಲಿ ತಾತ್ಸಾರ ಇತ್ತು, ಆ ಬಡ ಹೆಂಗಸಿನ ಮೇಲೆ. "ರಾಣಿ ಅಂದ್ರ ಚಪ್ಪಲಿ ಸಪ್ಪಳ ಸೈತ ಮಾಡಂಗಿಲ್ಲ."

"ಪೂರಾ ಕೆರೀಲಿಲ್ಲ?"

"ಹೆಸರಿನ ಮ್ಯಾಲೆ ಕೈ ಹೋಗಲಿಲ್ಲ."

"ಕಾಮಣ್ಣನ್ನ ಹಿಡದಾರಂತ ಗೊತ್ತಿತ್ತು?"

ಆಕೆ ಸೆರಗು ಸರಿಮಾಡಿಕೊಂಡಳು. "ಬಿಡ್ತಾರ ಅನಕೊಂಡಿದ್ದೆ."

"ಬಿಡದಿದ್ರ?"

ದ್ವಾರಕಾ ಸೀರೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸತೊಡಗಿದಳು. ಭಕ್ತಿ ಈಕೆಯನ್ನು ನೋಡುತ್ತಿದ್ದ ಹಾಗೆಯೇ ಈಕೆ ಕಾಮಣ್ಣನನ್ನು ನೋಡುತ್ತಿದ್ದಾಳೆ ಎಂದುಕೊಂಡ ಗುರುಸಿದ್ಧ. ಎಲ್ಲರ ಕೆಳಗೂ ಯಾರೋ ಒಬ್ಬರು ಬೇಕು ಇವರಿಗೆ. ನಾಲ್ಕು ಐವತ್ತಕ್ಕೆ ನಂದಾ ಆಕೆಯನ್ನು ದಸ್ತಗಿರಿ ಮಾಡಿದಳು. ಬಂಧನದ ಕಾಗದಕ್ಕೆ ದ್ವಾರಕಾ ಕನ್ನಡದಲ್ಲಿ ಸಹಿ ಹಾಕಿದಳು.

ಹೇಳಿಕೆಯನ್ನು ಸಂಜೆ ಠಾಣೆಯಲ್ಲಿ ನಂದಾಳೇ ಬರೆದುಕೊಂಡಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಸ್ನೇಹಿತರು ಬಂದಾಗ ದ್ವಾರಕಾ ಚಹಾ ಇಟ್ಟು ಒಳಗೆ ಹೋಗುತ್ತಿದ್ದಳು. ಅವನು ತೀರಿದ ಮೇಲೆ ಸಂಗ್ರಹಾಲಯದಲ್ಲಿ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಳು. ಮೊದಲ ರವಿವಾರ ಬಂದದ್ದು ಏಳೇ ಜನ. ಏನು ಹೇಳಬೇಕೋ ತಿಳಿಯದೆ, ಚಿತ್ರ ತೋರಿಸಿ, ಇವಳೊಬ್ಬಳು ರಾಣಿ ಅಂದುಬಿಟ್ಟಳು. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಕೇಳಿದಳು: "ಹಂಗಾರ ಮುಂದ ಏನಾತ್ರಿ?"

ದ್ವಾರಕಾಳನ್ನು ಯಾರಾದರೂ ಆ ಮಾತು ಕೇಳಿದ್ದು ಅದೇ ಮೊದಲು.