ಅಪ್ಪುವಿನ ಪಕ್ಕದ ಚೌಕ

"ನೋಡವ್ವ, ನೋಡು. ನಿನ್ ತಂಗಿ ಕೆಲ್ಸ ಇದು," ಎಂದು ಹೊಂಬಾಳಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದರು. "ನೆನ್ನೆ ಒರ್ಸಿದ್ದೆ. ಇವತ್ತು ತಿರ್ಗಾ ಬರ್ದವ್ಳೆ. ಬಣ್ಣ ಹೊಡ್ಸಿ ಇನ್ನೂ ಒಂದು ತಿಂಗ್ಳಾಗಿಲ್ಲ."

ಹೊಂಬಾಳಮ್ಮ ಆ ಶಾಲೆಯ ಆಯಮ್ಮ. ಎರಡನೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದ ಬುಷ್ರಾ ಗೋಡೆ ನೋಡಿದಳು. ತಿಳಿ ಹಳದಿ ಗೋಡೆ. ಅದರ ಬುಡದಲ್ಲಿ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಅಗಲವಾದ ಒದ್ದೆ ಕಲೆ. ಏನು ಬರೆದಿತ್ತೋ ಏನೋ, ಒಂದಕ್ಷರವೂ ಉಳಿದಿರಲಿಲ್ಲ. ಆಯಮ್ಮನ ಕೈ ಅಷ್ಟು ಚುರುಕು.

ಅಂಜುಮ್ ಕೊನೆಯ ಬೆಂಚಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಬಲಗೈ ಮುಷ್ಟಿ ಬಿಗಿದಿತ್ತು. ಬೆರಳ ಸಂದಿನಿಂದ ಚಾಕ್‌ಪೀಸಿನ ಪುಡಿ ಉದುರುತ್ತಿತ್ತು.

"ಇದು ನಾಲ್ಕನೇ ಸಲ ಬುಷ್ರಾ," ಎಂದರು ಅಮೃತ ಮಿಸ್. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. "ಬೆಂಚಲ್ಲಿ ಕೂರಿಸಿದ್ರೆ ಎದ್ದು ಹೋಗಿ ಗೋಡೆ ಹತ್ರ ನೆಲದ ಮೇಲೆ ಕೂತ್ಕೋತಾಳೆ. ನೋಟ್‌ಬುಕ್ ಕೊಟ್ರೆ ಮುಟ್ಟಲ್ಲ. ಯಾಕಮ್ಮಾ ಅಂದ್ರೆ ಮಾತೇ ಇಲ್ಲ. ಮನೇಲೂ ಹೀಗೆ ಗೋಡೆ ಮೇಲೆ ಬರೀತಾಳಾ?"

"ಇಲ್ಲ ಮಿಸ್."

"ಮುಂಚೆ ಇದ್ದ ಊರಲ್ಲಿ?"

ಬುಷ್ರಾ ಯೋಚಿಸಿದಳು. ಬೆಳಕವಾಡಿಯ ಮನೆಯ ಗೋಡೆ, ಮಸೀದಿಯ ಗೋಡೆ, ಶಾಲೆಯ ಕಾಂಪೌಂಡು, ಎಲ್ಲ ಕಣ್ಮುಂದೆ ಬಂದವು. ಎಲ್ಲೂ ಅಂಜುಮ್ ಗೀಚಿದ್ದಿಲ್ಲ. "ಗೋಡೆ ಮೇಲಾ? ಇಲ್ಲ ಮಿಸ್, ಒಂದ್ಸಲಾನೂ ಇಲ್ಲ," ಎಂದಳು.

ಮಿಸ್ ಡೈರಿಯಲ್ಲಿ ಏನೋ ಬರೆದು ಕೊಟ್ಟರು. ಬುಷ್ರಾ ಮೆಟ್ಟಿಲು ಹತ್ತಿ ತನ್ನ ಐದನೇ ಕ್ಲಾಸಿಗೆ ಹೋದಳು. ಬೆಂಚಿನ ತುದಿಯಲ್ಲಿ ಕೂತು, ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಬಂತಾ ಪಾಪು ಮಡಿಲಿಗೆ?" ಎಂದಳು ಪಕ್ಕದ ಗಗನ. "ಕೆಳಗೆ ಖಾನೆ ಇದೆ ಕಣೆ, ಅದ್ರಲ್ಲಿ ಇಡು. ನಿನ್ ಬ್ಯಾಗನ್ನ ಯಾರೂ ಕದಿಯಲ್ಲ."

ಗಗನ ದಿನವೂ ಹಾಗೇ ಅನ್ನುತ್ತಿದ್ದಳು. ಬುಷ್ರಾ ದಿನವೂ ಬ್ಯಾಗನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

*

ಮದ್ದೂರಿಗೆ ಬಂದು ಮೂರು ವಾರವಾಗಿತ್ತು. ಅಬ್ಬಾ ಅಫ್ಸರ್ ಪಾಷಾಗೆ ಬೆಳಕವಾಡಿಯಲ್ಲಿ ಸೈಕಲ್ಲು, ಪಂಪ್‌ಸೆಟ್ಟು ರಿಪೇರಿಯ ಪುಟ್ಟ ಅಂಗಡಿ ಇತ್ತು. ಈಗ ಮದ್ದೂರಿನಲ್ಲಿ ಸ್ನೇಹಿತನ ಜೊತೆ ಸೇರಿ ಟ್ರ್ಯಾಕ್ಟರ್ ಗ್ಯಾರೇಜು ಹಾಕಿದ್ದರು. ಅಬ್ಬಾನ ತಾಯಿ, ದಾದಿ ರಹಮತ್ ಬೀ ಮಾತ್ರ ಬರಲಿಲ್ಲ. "ನನ್ನ ಮೇಕೆಗಳಿಗೆ ನಿಮ್ಮ ಪೇಟೆ ಒಗ್ಗಲ್ಲ," ಎಂದು ಚಾಚಾನ ಮನೆಯಲ್ಲೇ ಉಳಿದರು.

ಹೊಸ ಶಾಲೆಯಲ್ಲಿ ಬುಷ್ರಾಗೆ ಯಾವುದೂ ಅರ್ಥವಾಗುತ್ತಿರಲಿಲ್ಲ. ಬೆಲ್ಲು ಒಂದು ಸಲ ಹೊಡೆದರೆ ಏನು, ಎರಡು ಸಲ ಹೊಡೆದರೆ ಏನು? ಬುಧವಾರ ಮಾತ್ರ ಬಿಳಿ ಶೂ ಯಾಕೆ? ಮೊದಲ ದಿನ ಪಿ.ಟಿ. ಸರ್ "ನೀನು ಯಾವ ಹೌಸು?" ಎಂದು ಕೇಳಿದ್ದಕ್ಕೆ, "ಮಸೀದಿ ಹಿಂದಿನ ಬಾಡಿಗೆ ಮನೆ ಸಾರ್," ಎಂದಿದ್ದಳು. ಇಡೀ ಕ್ಲಾಸು ನಕ್ಕಿತ್ತು. ಹೌಸು ಎಂದರೆ ಶಾಲೆಯ ಆಟದ ತಂಡವೆಂದು ಅವಳಿಗೆ ತಿಳಿದದ್ದು ಎರಡು ದಿನವಾದ ಮೇಲೆ.

ತನಗೇ ದಾರಿ ಕಾಣದವಳು ತಂಗಿಗೆ ಏನು ತೋರಿಸಿಯಾಳು?

ಸಂಜೆ ಅಬ್ಬಾ ಡೈರಿ ಓದಿದರು. ಕೈಯ ಗ್ರೀಸು ಒರೆಸಿ ಒರೆಸಿ, ಕೊನೆಗೆ ಅಮ್ಮಿಗೆ ಹೇಳಿದರು: "ಹೋಗ್ಲಿ ಬಿಡು. ಮಗೂಗೆ ಇಲ್ಲಿ ಹಿಡಿಸ್ತಿಲ್ಲ. ಈ ವಾರ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಭಾನುವಾರ ಬೆಳಕವಾಡಿಗೆ ಬಿಟ್ಟು ಬರ್ತೀನಿ. ದಾದಿ ಹತ್ರ ಇದ್ದು ಅಲ್ಲೇ ಓದ್ಕೊಳ್ಲಿ."

"ಒಬ್ಳೇನಾ?" ಎಂದರು ಅಮ್ಮಿ.

"ಬುಷ್ರಾ ಇಲ್ಲಿ ಹೊಂದ್ಕೊಂಡಿದ್ದಾಳಲ್ಲ."

ಬಾಗಿಲ ಮರೆಯಲ್ಲಿದ್ದ ಬುಷ್ರಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಂಜುಮ್ ಹೋಗಬಾರದು ಅನ್ನಿಸಿತು. ಅವಳ ಬದಲು ನನ್ನನ್ನು ಕಳಿಸಿ ಅನ್ನಿಸಿತು. ಅವಳು ಹೋಗಿಬಿಟ್ಟರೆ ಈ ಊರಿನಲ್ಲಿ ತನ್ನನ್ನು 'ಆಪಾ' ಎಂದು ಕರೆಯುವವರು ಯಾರೂ ಇರುವುದಿಲ್ಲ ಅನ್ನಿಸಿತು. ಮೂರೂ ಅನಿಸಿಕೆಗಳು ಬಿಚ್ಚಲಾಗದ ದಾರದ ಉಂಡೆಯಂತೆ ಎದೆಯಲ್ಲಿ ಸಿಕ್ಕಿಕೊಂಡವು.

ದಾದಿ ಹೇಳುತ್ತಿದ್ದ ಬೆಕ್ಕಿನ ಕತೆ ನೆನಪಾಯಿತು. ಒಂದೂರಲ್ಲಿ ಒಂದು ಬೆಕ್ಕಿತ್ತಂತೆ. ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ತಿರುಗಿತಂತೆ. ಹೋದ ಹೋದ ಮನೆಯಲ್ಲೆಲ್ಲ ಆ ಮರಿ ಮೊದಲು ಒಂದು ಮೂಲೆ ಹುಡುಕಿ ಪರಪರ ಅಂತ ಕೆರೆಯುತ್ತಿತ್ತಂತೆ. ಮನೆಯೊಡತಿ ಪೊರಕೆ ತಗೊಂಡು ಓಡಿಸುತ್ತಿದ್ದಳಂತೆ. ಮರಿ ಯಾಕೆ ಕೆರೆಯುತ್ತಿತ್ತು? ಬುಷ್ರಾಗೆ ಗೊತ್ತಿಲ್ಲ. ನಾಲ್ಕನೇ ಮನೆ ಬರುವಷ್ಟರಲ್ಲಿ ಅವಳಿಗೆ ಯಾವಾಗಲೂ ನಿದ್ದೆ ಬಂದುಬಿಡುತ್ತಿತ್ತು.

*

ಗುರುವಾರ ಬುಷ್ರಾ ತಾನೇ ಪ್ರಯತ್ನ ಮಾಡಿದಳು. ದಾರಿಯಲ್ಲಿ ತನ್ನ ಪೆನ್ಸಿಲನ್ನು ತಂಗಿಗೆ ಕೊಟ್ಟಳು. ತುದಿಯಲ್ಲಿ ಸ್ಟ್ರಾಬೆರಿಯಂಥ ರಬ್ಬರ್ ಇದ್ದ ಪೆನ್ಸಿಲು. ಅದನ್ನು ಅವಳು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

"ಇನ್ಮೇಲೆ ಬುಕ್ಕಲ್ಲಿ ಬರೀತೀಯಾ?"

ಅಂಜುಮ್ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡಳು. "ಬುಕ್ಕಲ್ಲಿ ಬರೆದ್ರೆ ಪಕ್ಕದವರಿಗೆ ಕಾಣಲ್ಲ ಆಪಾ."

"ಕಾಣಬಾರದು ಕಣೆ. ಕಂಡ್ರೆ ಕಾಪಿ ಹೊಡೀತಾರೆ ಅಂತ ಬೈತಾರೆ ಇಲ್ಲಿ."

ಅಂಜುಮ್ ಅಕ್ಕನ ಮುಖವನ್ನು ವಿಚಿತ್ರವಾಗಿ ನೋಡಿದಳು. ಅಕ್ಕ ಯಾವುದೋ ಬೇರೆ ದೇಶದ ಭಾಷೆ ಆಡಿದಂತೆ.

"ಗೋಡೆ ಮುಟ್ಟಲ್ಲ ಅಂತ ಪ್ರಾಮಿಸ್ ಮಾಡು."

"ಪ್ರಾಮಿಸ್," ಎಂದಳು ಅಂಜುಮ್, ಬಹಳ ಮೆಲ್ಲಗೆ.

ಅವತ್ತು ಮಧ್ಯಾಹ್ನ ಹೊಂಬಾಳಮ್ಮ ಬಕೆಟ್ಟು ಹಿಡಿದುಕೊಂಡು ಎರಡನೇ ಕ್ಲಾಸಿನಿಂದ ಗೊಣಗುತ್ತಾ ಹೊರಗೆ ಬಂದದ್ದು ಮೇಲಿನ ಕಿಟಕಿಯಿಂದ ಬುಷ್ರಾಗೆ ಕಂಡಿತು. ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಮನೆಗೆ ಹೋಗುವವರೆಗೂ ತಂಗಿಯ ಕೈ ಹಿಡಿಯಲಿಲ್ಲ.

ಅಂಜುಮ್ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. "ಆಪಾ, ಭಾನುವಾರ ನೀನೂ ಬರ್ತೀಯಾ?" ಎಂದು ಕೇಳಿದಳು.

ಅಬ್ಬಾನ ಮಾತು ಅವಳ ಕಿವಿಗೂ ಬಿದ್ದಿತ್ತು. ಬುಷ್ರಾ ಇನ್ನೂ ಬಿರಬಿರನೆ ನಡೆದಳು.

*

ಶುಕ್ರವಾರ ಇಂಟರ್‌ವೆಲ್ಲಿನ ಬೆಲ್ಲು ಹೊಡೆದದ್ದೇ ತಡ, ಬುಷ್ರಾ ದಡದಡ ಮೆಟ್ಟಿಲಿಳಿದಳು. ಇವತ್ತು ಆಯಮ್ಮನಿಗಿಂತ ಮೊದಲೇ ಹೋಗಬೇಕು. ಏನು ಬರೆಯುತ್ತಾಳೆಂದು ಕಣ್ಣಾರೆ ನೋಡಬೇಕು.

ಎರಡನೇ ಕ್ಲಾಸಿನಲ್ಲಿ ನಾಲ್ಕೈದು ಮಕ್ಕಳು ಕೊನೆಯ ಬೆಂಚು ಹತ್ತಿ ಬಗ್ಗಿ ನೋಡುತ್ತಿದ್ದರು. ಕೆಳಗೆ ಅಂಜುಮ್ ಚಕ್ಕಳಮಕ್ಕಳ ಹಾಕಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದಳು. ಹಳದಿ ಗೋಡೆಯ ಮೇಲೆ ಬಿಳಿ ಚಾಕ್‌ಪೀಸು ಸರಿಯಾಗಿ ಕಾಣದೆ, ಒಂದೊಂದು ಗೆರೆಯನ್ನೂ ಮೂರು ಮೂರು ಸಲ ತಿದ್ದುತ್ತಿದ್ದಳು.

ಗೀಚಾಟವಲ್ಲ ಅದು. ಒಂದರ ಪಕ್ಕ ಒಂದು, ಅಚ್ಚುಕಟ್ಟಾದ ಮೂರು ಚೌಕ. ಪ್ರತಿ ಚೌಕದ ನೆತ್ತಿಯ ಮೇಲೆ ಒಂದು ಹೆಸರು.

ಅಪ್ಪು. ಅಂಜುಮ್. ಚಂದನ.

"ಅಪ್ಪು ಯಾರು?" ಎಂದು ಅಶೋಕ್ ಎಂಬ ಹುಡುಗ ಬೆಂಚಿನ ಮೇಲಿಂದ ಕೇಳುತ್ತಿದ್ದ. "ನಮ್ ಕ್ಲಾಸಲ್ಲಿ ಅಪ್ಪುನೇ ಇಲ್ವಲ್ಲ. ಚಂದನಾನೂ ಇಲ್ಲ. ಇವ್ಳಿಗೆ ಏನೂ ಗೊತ್ತಿಲ್ಲ."

ಬುಷ್ರಾಗೆ ಗೊತ್ತಿತ್ತು. ಅವಳು ನಿಂತಲ್ಲೇ ನಿಂತಳು.

ಬೆಳಕವಾಡಿ ಶಾಲೆಯ ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ಕ್ಲಾಸಿನವರೆಲ್ಲ ಅಲ್ಲಿ ಒಟ್ಟಿಗೆ ನೆಲದ ಮೇಲೆ ಕೂರುತ್ತಿದ್ದರು. ಗೋಡೆಯ ಬುಡದಲ್ಲಿ, ಕೂತ ಮಕ್ಕಳ ಕೈಗೆಟಕುವಷ್ಟು ಎತ್ತರಕ್ಕೆ, ಕೋಣೆಯ ಸುತ್ತಲೂ ಕಪ್ಪು ಪಟ್ಟಿ. ಅದರಲ್ಲಿ ಚೌಕ ಚೌಕ. ಒಬ್ಬೊಬ್ಬರಿಗೆ ಒಂದೊಂದು ಚೌಕ, ಮೇಲೆ ಅವರವರ ಹೆಸರು. ಬೆಳಿಗ್ಗೆ ಬಂದವರು ಮೊದಲು ತಮ್ಮ ಚೌಕದ ಮುಂದೆ ಕೂತು ಬರೆಯಬೇಕು. ತಪ್ಪಾದರೆ ಪಕ್ಕದವರು ಬಗ್ಗಿ ನೋಡಿ ಹೇಳಿಕೊಡುತ್ತಾರೆ. ಇಂದ್ರಮ್ಮ ಟೀಚರ್ ಮಂಡಿಯೂರಿ ಚೌಕದಿಂದ ಚೌಕಕ್ಕೆ ಬರುತ್ತಾರೆ.

ಕಿಟಕಿಯ ಕೆಳಗಿನ, ಅಪ್ಪುವಿನ ಪಕ್ಕದ ಆ ಚೌಕ ಮೊದಲು ಬುಷ್ರಾಳದೇ ಆಗಿತ್ತು. ಮೂರು ವರ್ಷ ಅವಳು ಅದರಲ್ಲಿ ಬರೆದಿದ್ದಳು. ನಾಲ್ಕನೇ ಕ್ಲಾಸಿಗೆ ಹೋದಾಗ ಟೀಚರನ್ನು ಕಾಡಿ ಬೇಡಿ, ಅದನ್ನು ತಂಗಿಗೆ ಕೊಡಿಸಿದ್ದಳು. ಶಾಲೆಯ ಮೊದಲ ದಿನ ಹೆದರಿ ಅಳುತ್ತಿದ್ದ ಅಂಜುಮ್‌ಳ ಕೈ ಹಿಡಿದು ಕರೆದುಕೊಂಡು ಹೋಗಿ, "ನೋಡು, ಇದು ನಿಂದು. ಇಲ್ಲಿ ಕೂತ್ಕೋ," ಎಂದು ತೋರಿಸಿದ್ದವಳು ಅವಳೇ.

ಒಂದೇ ವರ್ಷದಲ್ಲಿ ಅದೆಲ್ಲ ಹೇಗೆ ಮರೆತುಹೋಯಿತು?

"ಸರ್ಕೊಳಿ, ಸರ್ಕೊಳಿ," ಎನ್ನುತ್ತಾ ಹೊಂಬಾಳಮ್ಮ ಬಕೆಟ್ಟಿನೊಂದಿಗೆ ಬಂದರು. ಹಿಂದೆಯೇ ಅಮೃತ ಮಿಸ್.

ಬುಷ್ರಾ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಆಯಮ್ಮ, ಒರೆಸ್ಬೇಡಿ. ಒಂದ್ನಿಮಿಷ. ಮಿಸ್, ಅದು ಗೋಡೆ ಅಲ್ಲ."

"ಗೋಡೆ ಅಲ್ವಾ?" ಎಂದರು ಮಿಸ್.

ಬುಷ್ರಾಳ ಮಾತುಗಳು ಒಂದರ ಮೇಲೊಂದು ಬಿದ್ದವು. ಕಪ್ಪು ಪಟ್ಟಿ, ಚೌಕ, ಇಂದ್ರಮ್ಮ ಟೀಚರ್, ಅಪ್ಪು, ಎಲ್ಲ ಕಲಸಿಹೋದವು. "ಮೇಲಿನ ಬೋರ್ಡು ಟೀಚರ್ದು ಮಿಸ್. ಕೆಳಗಿಂದೆಲ್ಲ ನಮ್ದು. ಅಲ್ಲಿ ಬರೀಲಿಲ್ಲ ಅಂದ್ರೇನೇ ಬೈತಿದ್ರು."

"ಮತ್ತೆ ಮೊನ್ನೆ ಕೇಳ್ದಾಗ, ಊರಲ್ಲಿ ಗೋಡೆ ಮೇಲೆ ಬರೀತಾ ಇರ್ಲಿಲ್ಲ ಅಂದ್ಯಲ್ಲ?"

"ಅದು ಗೋಡೆ ಅಂತ ನಂಗೆ ಯಾವತ್ತೂ ಅನ್ನಿಸ್ಲೇ ಇಲ್ಲ ಮಿಸ್."

ಅಮೃತ ಮಿಸ್ ಸೀರೆಯ ನೆರಿಗೆ ಎತ್ತಿ ಹಿಡಿದು ಅಂಜುಮ್‌ಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೂರು ಚೌಕಗಳನ್ನೂ ನೋಡಿದರು. "ಇಲ್ಲಿ ಗೋಡೆ ಹಳದಿ ಅಲ್ವೇನಮ್ಮ. ಬರೆದದ್ದು ಸರಿಯಾಗಿ ಕಾಣೋದೇ ಇಲ್ಲ."

"ಹೂಂ. ಅದಕ್ಕೇ ಒತ್ತಿ ಒತ್ತಿ ಬರೀತೀನಿ," ಎಂದಳು ಅಂಜುಮ್.

ಮೂರು ವಾರದಲ್ಲಿ ಆ ಕ್ಲಾಸಿನಲ್ಲಿ ಅವಳಾಡಿದ ಮೊದಲ ಮಾತು ಅದು. ಮಿಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಗು ತಡೆಯುತ್ತಿದ್ದರೋ ಏನೋ.

"ಆದ್ರೂ ಗೋಡೆ ಮೇಲೆ ಬೇಡ," ಎಂದರು ಆಮೇಲೆ. "ಎಚ್ಚೆಮ್ ಮೇಡಂ ನೋಡಿದ್ರೆ ನಂಗೂ ಬೈತಾರೆ."

ಹೊಂಬಾಳಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಮೆಟ್ಲು ಕೆಳ್ಗೆ ಒಂದು ಹಳೇ ಬೋರ್ಡ್ ಬಿದ್ದದೆ. ಸ್ಟ್ಯಾಂಡ್ ಕಾಲು ಮುರ್ದೋಗದೆ ಅಂತ ಎಸ್ದವ್ರೆ. ನೆಲ್ದ ಮ್ಯಾಲೆ ಇಟ್ರೆ ಕಾಲ್ ಯಾಕೆ ಅದ್ಕೆ? ತತ್ತೀನಿ ತಾಳಿ. ದಿನಾ ಗ್ವಾಡೆ ಒರ್ಸೋದಾದ್ರೂ ತಪ್ಪಲಿ."

ಬೋರ್ಡು ಬಂತು. ಜೇಡರ ಬಲೆ ಕೊಡವಿ, ಗೋಡೆಗೆ ಒರಗಿಸಿ ಅಡ್ಡಡ್ಡ ಇಟ್ಟರು. ಅಂಜುಮ್ ತಕ್ಷಣ ಸ್ಕೇಲು ತೆಗೆದುಕೊಂಡು ಮೂರು ಚೌಕ ಎಳೆದಳು. ಕಪ್ಪಿನ ಮೇಲೆ ಬಿಳಿ ಹೊಳೆಯಿತು.

"ನಂಗೂ ಒಂದು," ಎನ್ನುತ್ತಾ ಅಶೋಕ್ ಬೆಂಚಿನಿಂದ ಧುಮುಕಿ, ಎಡಗಡೆಯ ಚೌಕದ ಮುಂದೆ ಕೂತ.

"ಅದು ಅಪ್ಪುದು. ನೀನು ಆ ಕಡೆ, ಚಂದನ ಆದ್ಮೇಲೆ."

"ಅಪ್ಪು ಯಾವಾಗ ಬರ್ತಾನೆ?"

"ಬರಲ್ಲ."

"ಮತ್ತೆ?"

ಅಂಜುಮ್ ಅಪ್ಪುವಿನ ಚೌಕದ ಗೆರೆಯನ್ನು ಇನ್ನೊಮ್ಮೆ ತಿದ್ದಿದಳು. "ಬರಲ್ಲ. ಆದ್ರೂ ಅವನ್ದೇ," ಎಂದಳು. ಚಂದನಳ ಚೌಕದಾಚೆಗೆ ಇನ್ನೊಂದು ಚೌಕ ಎಳೆದು, "ನಿನ್ನ ಹೆಸ್ರು ಹೇಗೆ ಬರೆಯೋದು?" ಎಂದು ಕೇಳಿದಳು.

*

ಆ ಸಂಜೆ ಅಬ್ಬಾ ಗ್ಯಾರೇಜಿನಿಂದ ಬಂದು ಅಂಜುಮ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಮ್ಮಿ ಆಗಲೇ ಅವಳ ಬಟ್ಟೆಗಳನ್ನು ಮಡಿಸಿ ಒಂದು ಚೀಲದ ಪಕ್ಕ ಇಟ್ಟಿದ್ದರು.

"ಭಾನುವಾರ ದಾದಿ ಹತ್ರ ಹೋಗೋಣ್ವಾ ಬೇಟಿ?"

"ಹೋಗೋಣ," ಎಂದಳು ಅಂಜುಮ್. "ಆದ್ರೆ ರಾತ್ರಿಗೇ ವಾಪಸ್ ಬರ್ಬೇಕು ಅಬ್ಬಾ. ಸೋಮವಾರ ನಾನು ಲೇಟಾಗಿ ಹೋದ್ರೆ ಅಶೋಕ್ ನನ್ನ ಚೌಕದಲ್ಲಿ ಗೀಚ್ಬಿಡ್ತಾನೆ."

ಅಬ್ಬಾ ಅಮ್ಮಿಯ ಮುಖ ನೋಡಿದರು. ಅಮ್ಮಿ ಬುಷ್ರಾಳ ಮುಖ ನೋಡಿದರು. ಬುಷ್ರಾ ಎದ್ದು ಹೋಗಿ, ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ಸೇರಿಸತೊಡಗಿದಳು. ಭಾನುವಾರ ದಾದಿಯ ಬಳಿ ಬೆಕ್ಕಿನ ಕತೆ ಪೂರ್ತಿ ಕೇಳಬೇಕು, ಈ ಸಲ ಹಗಲಿನಲ್ಲೇ, ಎಂದುಕೊಂಡಳು.

*

ಶನಿವಾರ ಬೆಳಿಗ್ಗೆ ಬುಷ್ರಾ ಐದನೇ ಕ್ಲಾಸಿಗೆ ಬಂದಾಗ ಗಗನ ಇನ್ನೂ ಬಂದಿರಲಿಲ್ಲ. ಅವಳು ಬೆಂಚಿನ ತುದಿಯಲ್ಲಿ ಕೂತಳು. ತೊಡೆಯ ಮೇಲೆ ಬ್ಯಾಗು. ಮೂರು ವಾರದಿಂದಲೂ ಹಾಗೇ, ಯಾರಾದರೂ 'ಬಾ, ಬಸ್ಸು ಬಂತು' ಎಂದರೆ ತಕ್ಷಣ ಎದ್ದು ಹೊರಡಲು ತಯಾರಾಗಿ ಕೂತವಳ ಹಾಗೆ.

ಅವಳು ಬಗ್ಗಿ ಬೆಂಚಿನ ಕೆಳಗೆ ನೋಡಿದಳು. ಖಾನೆಯ ಅರ್ಧ ಭಾಗದಲ್ಲಿ ಗಗನಳ ಹಳೇ ಟಿಫನ್ ಬಾಕ್ಸು, ಮುದುರಿದ ಡ್ರಾಯಿಂಗ್ ಶೀಟು, ಒಂದು ಗೋಲಿ. ಉಳಿದರ್ಧ ಖಾಲಿ. ಅಲ್ಲಿ ಒಂದು ಕಾಗದದ ಚೂರೂ ಇರಲಿಲ್ಲ. ಮೂರು ವಾರದಿಂದ ಗಗನ ತನ್ನ ಸಾಮಾನುಗಳನ್ನು ಆ ಕಡೆಗೆ ಸರಿಯಗೊಟ್ಟಿರಲೇ ಇಲ್ಲ.

ಬುಷ್ರಾ ಆ ಖಾಲಿ ಜಾಗದ ಮೇಲೆ ಒಮ್ಮೆ ಕೈಯಾಡಿಸಿದಳು.

ಗಗನ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಧೊಪ್ಪನೆ ಕೂತಳು. "ಏನೇ, ಇವತ್ತು ಮಡಿಲು ಖಾಲಿ? ಎಲ್ಲೋಯ್ತು ನಿನ್ ಪಾಪು?"

"ಕೆಳಗೆ ಮಲಗಿದೆ ಕಣೆ," ಎಂದಳು ಬುಷ್ರಾ. "ಮೆಲ್ಲಗೆ ಮಾತಾಡು."